ಮಗು ಪಾಸ್‌ಕೋಡ್ ಒತ್ತಿದರೆ ಐಫೋನ್ ಖಾಲಿಯಾಗುತ್ತಾ?

ಮೂರು ವರ್ಷದ ಮಗಳು ಸುಮ್ನೆ ಪಾಸ್‌ಕೋಡ್ ಒತ್ತುತ್ತಿರುತ್ತಾಳೆ, ಐಫೋನಿನ ಫೋಟೋಗಳೆಲ್ಲ ಹೋಗಿಬಿಡುತ್ತವಾ ಅಂತ ಕೇಳಿದ್ದೀರಿ. ಅವಳ ಹುಟ್ಟಿದ ದಿನದ ಫೋಟೋಗಳೂ ಅದರಲ್ಲೇ ಇರುತ್ತವೆ, ಭಯ ಆಗೋದು ಸಹಜ ಅಲ್ವಾ.

ಸೆಟ್ಟಿಂಗ್ಸ್‌ನಲ್ಲಿ 'ಫೇಸ್ ಐಡಿ ಅಂಡ್ ಪಾಸ್‌ಕೋಡ್' ತೆರೆಯಿರಿ. ಹೋಮ್ ಬಟನ್ ಇರುವ ಫೋನಾದರೆ 'ಟಚ್ ಐಡಿ' ಅಂತಿರುತ್ತದೆ. ಪುಟದ ಕೊನೆಯಲ್ಲಿ 'ಇರೇಸ್ ಡೇಟಾ' ಇದೆ. ಅದು ಆನ್ ಇದ್ದರೆ 10 ಸಲ ತಪ್ಪಾದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ. ಆಫ್ ಮಾಡಿಬಿಡಿ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆಫ್ ಇದ್ದರೂ, ತಪ್ಪು ಜಾಸ್ತಿಯಾದಂತೆ ಫೋನ್ ಹೆಚ್ಚು ಹೆಚ್ಚು ಹೊತ್ತು ಕಾಯಿಸುತ್ತದೆ. ಕೊನೆಗೆ ಪೂರ್ತಿ ಲಾಕ್ ಆದರೆ ನಾವೇ ಅಳಿಸಿ ಹೊಸದಾಗಿ ಶುರು ಮಾಡಬೇಕು. ಹಾಗಾಗಿ ಇವತ್ತೇ ಬ್ಯಾಕಪ್ ಮಾಡಿ. ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗೋದು 5 ಜಿಬಿ ಮಾತ್ರ, ಫೋಟೋಗಳಿಗೆ ಸಾಲದು. ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಡಿ.