ಎಂ87 ಸುತ್ತಲಿನ ಮಸುಕು: ಖರೇನೋ, ಕ್ಯಾಮೆರಾ ದೋಷಾನೋ?

ನಮಸ್ಕಾರ್ರಿ. ಕಪ್ಪತಗುಡ್ಡದ ಹತ್ರ ತೆಗೆದ ಎಂ87 (ಕನ್ಯಾ ಗ್ಯಾಲಕ್ಸಿ ಗುಚ್ಛದ ನಡುವಿನ ದೊಡ್ಡ ಗ್ಯಾಲಕ್ಸಿ) ಫೋಟೋದಾಗ ಗ್ಯಾಲಕ್ಸಿ ಸುತ್ತ ಹಾಲು ಚೆಲ್ಲಿದಂಗ ಬೆಳಕು ಹಬ್ಬೇದ, ಅದು ಖರೇನೋ ಲೆನ್ಸಿನ ದೋಷಾನೋ ಅಂತ ಕೇಳೀರಿ. ಎರಡೂ ಕೂಡೇ ಇರಬಹುದು ಅಂದ್ರ ಸಿಟ್ಟಾಗಬ್ಯಾಡ್ರಿ.

ಅಂಥ ಬೆಳಕಂತೂ ಅದ. ಕೋಮಾ ಅನ್ನೋ ಇನ್ನೊಂದು ಗ್ಯಾಲಕ್ಸಿ ಗುಚ್ಛದಾಗ 1951ರಾಗನ ಖಗೋಳ ವಿಜ್ಞಾನಿ ಫ್ರಿಟ್ಜ್ ಝ್ವಿಕಿ ಇದನ್ನ ಗುರುತಿಸಿದ್ರು. ಗುಚ್ಛದ ನಡುವಿನ ದೊಡ್ಡ ಗ್ಯಾಲಕ್ಸಿ ಸಣ್ಣವನ್ನ ಎಳೆದು ನುಂಗ್ತದ. ಕಿತ್ತುಬಂದ ನಕ್ಷತ್ರಗಳು ಯಾವ ಮನಿಗೂ ಸೇರದಂಗ ಸುತ್ತಲೂ ಅಲೀತಾವ. ಎಂ87 ಕಳೆದ ನೂರು ಕೋಟಿ ವರ್ಷದೊಳಗ ಹಂಗ ಒಂದನ್ನ ನುಂಗೇದ ಅಂತ 2015ರಾಗ ತಿಳೀತು, ಅಲ್ಲಿಯ ಗ್ರಹ ನೀಹಾರಿಕೆಗಳ (ಸಾಯೋ ನಕ್ಷತ್ರ ಹೊರಗ ಚೆಲ್ಲಿದ ಹೊಳೆಯೋ ಅನಿಲದ ಮೋಡಗಳ) ವೇಗ ಅಳೆದು. ಐದು ಕೋಟಿ ಜ್ಯೋತಿರ್ವರ್ಷದಾಚೆ ಸಾದಾ ನಕ್ಷತ್ರದ ವೇಗ ಸಿಗೂದಿಲ್ಲ. ಈ ನೀಹಾರಿಕೆಗಳು ಮಾತ್ರ ಬೆಳಕಿನ ದೊಡ್ಡ ಪಾಲನ್ನ ಒಂದೇ ಹಸಿರು ಬಣ್ಣದಾಗ ಚೆಲ್ತಾವ, ಅದಕ್ಕ ಸಿಕ್ಕಿಬೀಳ್ತಾವ.

ತೊಡಕು ಏನಂದ್ರ, ಹೊರಗಿನ ಆ ಬೆಳಕು ಕಗ್ಗತ್ತಲ ಆಕಾಶದ ಹೊಳಪಿನ ನೂರನೇ ಒಂದು ಪಾಲಿಗಿಂತ ಕಡಿಮಿ. ಫ್ಲಾಟ್ ಫ್ರೇಮ್ (ಲೆನ್ಸು, ಸೆನ್ಸರಿನ ಹೊಳಪಿನ ಏರುಪೇರು ತಿದ್ದಾಕ ಸಮನಾದ ಬೆಳಕಿನಾಗ ತೆಗೆಯೋ ಫೋಟೋ) ಶೇಕಡಾ 1 ತಪ್ಪಿದ್ರೂ ಸುಳ್ಳು ಪ್ರಭೆ ಹುಟ್ತದ. ಇನ್ನೊಂದು ರಾತ್ರಿ ಕ್ಯಾಮೆರಾ 90 ಡಿಗ್ರಿ ತಿರುಗಿಸಿ, ಗ್ಯಾಲಕ್ಸಿಯನ್ನ ಫ್ರೇಮಿನ ಮೂಲಿಗೆ ಸರಿಸಿ ತೆಗೀರಿ. ಮಸುಕು ನಡುವನ ಉಳೀತಂದ್ರ ಫ್ಲಾಟಿನ ತಪ್ಪು. ಗ್ಯಾಲಕ್ಸಿ ಬೆನ್ನು ಹತ್ತಿ ಬಂತಂದ್ರೂ ಹಿಗ್ಗಬ್ಯಾಡ್ರಿ, ಅದೇ ಫ್ರೇಮಿನ ಹೊಳೆಯೋ ನಕ್ಷತ್ರದ ಸುತ್ತ ಅಂಥದ್ದೇ ವರ್ತುಲ ಅದ ಏನು ನೋಡ್ರಿ. ಇದ್ರ ಅದು ದೂರದರ್ಶಕದೊಳಗ ಚದುರಿದ ಬೆಳಕು.

ನಾ ಧಾರವಾಡದ ಮಾಳಗಿ ಮ್ಯಾಲಿಂದ ಎರಡು ಸಲ ಯತ್ನ ಮಾಡಿ ಸೋತೀನಿ, ಬರೇ ಹುಬ್ಬಳ್ಳಿ ಕಡಿ ದೀಪದ ಬೆಳಕ ಬಂತು. ನಿಮ್ಮ ಕಚ್ಚಾ ಫೈಲು, ಫ್ಲಾಟು ಎರಡೂ ಹಾಕ್ರಿ, ನೋಡೋಣು.