ಊರಿಗೆ ಮರಳಿದ್ದೇನೆ, ಮನಸ್ಸು ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ಎರಡು ದಶಕಕ್ಕೂ ಹೆಚ್ಚು ಕಾಲ ಅಮೆರಿಕದ ಡಲ್ಲಾಸ್‌ನಲ್ಲಿದ್ದು, ಅಲ್ಲಿಯ ಪೌರತ್ವ ಪಡೆದು, ಈಗ ಭಾರತೀಯ ಮೂಲದ ವಿದೇಶಿ ಪೌರರಿಗೆ ಸಿಗುವ ಓಸಿಐ ಕಾರ್ಡಿನ ಮೇಲೆ ಪತ್ನಿಯೊಂದಿಗೆ ಮೂಡಿಗೆರೆ ಬಳಿಯ ಹಿರಿಯರ ಕಾಫಿ ತೋಟಕ್ಕೆ ಮರಳಿದ್ದೇನೆ. ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ಸೋಲಾರ್, ಕ್ಯಾಮೆರಾ, ತಾನಾಗಿ ತೆರೆದುಕೊಳ್ಳುವ ಗೇಟು ಎಲ್ಲವನ್ನೂ ಹಾಕಿಸಿದ್ದೇನೆ. ಆದರೂ ಸಂಜೆಯಾದರೆ ಬೇಸರ ಕವಿಯುತ್ತದೆ. ನಾನು ನೆನೆಯುತ್ತಿದ್ದ ಊರು ಇದಲ್ಲ ಎನಿಸುತ್ತದೆ. ಮಾರಾಟಕ್ಕಿರುವ ಪಕ್ಕದ ತೋಟವನ್ನೂ ಕೊಂಡು ಕೆಲಸ ಹೆಚ್ಚಿಸಿಕೊಂಡರೆ ನೆಮ್ಮದಿ ಸಿಕ್ಕೀತೇ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಓಸಿಐ ಕಾರ್ಡುದಾರರು ಇಲ್ಲಿ ಮನೆಯನ್ನು ಕೊಳ್ಳಬಹುದೇ ಹೊರತು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆಗಳನ್ನು ಕ್ರಯಕ್ಕೆ ಪಡೆಯುವಂತಿಲ್ಲ. ವಾರಸುದಾರಿಕೆಯಿಂದ ಬಂದ ತೋಟಕ್ಕೆ ಆ ಅಡ್ಡಿಯಿಲ್ಲ. ಆದ್ದರಿಂದ ಪೌತಿ ಖಾತೆ, ಎಂದರೆ ತೀರಿಕೊಂಡ ಹಿರಿಯರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿದೆಯೇ, ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಿ. ಪಕ್ಕದ ತೋಟದ ಆಸೆಯನ್ನು ಬಿಡಿ.

ಇನ್ನು ನೆಮ್ಮದಿಯ ವಿಷಯ. ನೀವು ಹೊರಟಾಗ ಚಿಕ್ಕಮಗಳೂರಿಗೆ ರೈಲೇ ಇರಲಿಲ್ಲ. ಕಡೂರಿನಿಂದ ಅದು ಬಂದದ್ದು 2013ರಲ್ಲಿ. ಅನೇಕ ತೋಟಗಳಲ್ಲಿ ಇಂದು ಕೊಯ್ಲಿಗೆ ನಿಲ್ಲುವವರು ಅಸ್ಸಾಮಿನಿಂದ ಬಂದವರು, ಮತ್ತು ನಿಮ್ಮ ಜೊತೆ ಓದಿದವರಲ್ಲಿ ಕೆಲವರಾದರೂ ಬೆಂಗಳೂರು ಸೇರಿರುತ್ತಾರೆ. ಊರು ಬದಲಾದದ್ದು ನಿಜ, ಆದರೆ ನಿಮ್ಮ ಬೇಸರದ ಮೂಲ ಅದೇ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಪತ್ರದಲ್ಲಿ ಗೇಟಿನ ವರ್ಣನೆಯಿದೆ, ಆ ಗೇಟು ದಾಟಿ ಬಂದ ಒಬ್ಬರ ಮಾತೂ ಇಲ್ಲ. ಗುಂಡಿ ಒತ್ತಿ, ಕ್ಯಾಮೆರಾಕ್ಕೆ ಮುಖ ತೋರಿಸಿ ಕಾಯಬೇಕಾದ ಮನೆಗೆ, ಮಳೆಗಾಲದಲ್ಲಿ ಸೆರಗಿನ ಮರೆಯಲ್ಲಿ ಒಂದಿಷ್ಟು ಕಳಲೆ ಹಿಡಿದುಕೊಂಡು ಯಾವ ನೆರೆಯಾಕೆಯೂ ಬರಲಾರಳು.

ಮಲೆನಾಡಿನ ನಂಟು ಬೆಳೆದದ್ದೇ ಮುಯ್ಯಿಯ ಮೇಲೆ: ಇಂದು ನೀವು ನನ್ನ ಕೆಲಸಕ್ಕೆ ಬಂದರೆ ನಾಳೆ ನಾನು ನಿಮ್ಮ ಕೆಲಸಕ್ಕೆ ಬರುತ್ತೇನೆ, ನಡುವೆ ಎರಡು ಸಾವು, ಒಂದು ಮದುವೆ, ಒಂದು ಜಗಳವೂ ಆಗಿಹೋಗುತ್ತದೆ. ನೀವು ಎಲ್ಲಕ್ಕೂ ಕೂಡಲೇ ಹಣ ಕೊಟ್ಟು, ಯಾರ ಹಂಗೂ ಇಲ್ಲದಂತೆ ನೋಡಿಕೊಂಡಿರುವಂತೆ ಕಾಣುತ್ತದೆ. ಹಂಗಿಲ್ಲದ ಮನೆಗೆ ಜನ ಕೂಲಿಗೆ ಬಂದಾರು, ಮಾತಿಗೆ ಬರುವುದಿಲ್ಲ.

ಹಾಗಾಗಿ ಕೊಡುವುದಕ್ಕಿಂತ ಮೊದಲು ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಮಣ್ಣಿನ ಮಾದರಿ ಒಯ್ಯುವುದಿದ್ದರೆ ನಿಮ್ಮ ಕಾರಿನಲ್ಲಿ ಒಬ್ಬರೇ ಹೋಗಬೇಡಿ; ನೆರೆಯವರ ಮಣ್ಣನ್ನೂ ಕಟ್ಟಿಸಿಕೊಂಡು, ಅವರ ಜೀಪಿನಲ್ಲೇ ಹೋಗಿ, ದಾರಿಯುದ್ದಕ್ಕೂ ಅವರ ಮಾತು ಕೇಳಿಸಿಕೊಳ್ಳಿ. ನವೆಂಬರಿನ ಹೊತ್ತಿಗೆ ಅರೇಬಿಕಾ ಹಣ್ಣಾದಾಗ ಹಣ್ಣಿನ ಸಿಪ್ಪೆ ಬಿಡಿಸುವ ಅವರ ಪಲ್ಪರ್ ಯಂತ್ರ ಕೇಳಿ ಪಡೆಯಿರಿ, ಅವರ ಕಾಫಿ ಒಣಗಿಸಲು ನಿಮ್ಮ ಕಣವನ್ನು ಬಿಟ್ಟುಕೊಡಿ, ಬಾಡಿಗೆಯ ಮಾತೆತ್ತಬೇಡಿ. ಮೋಡ ಕವಿದಾಗ ಇಬ್ಬರೂ ಓಡಿಬಂದು ಟಾರ್ಪಾಲು ಹೊದಿಸಬೇಕಾಗುತ್ತದೆ. ಆ ಸಂಜೆ ಬೇಸರಕ್ಕೆ ಪುರುಸೊತ್ತಿರುವುದಿಲ್ಲ. ಹಗಲು ಹೊತ್ತು ಗೇಟು ತೆರೆದೇ ಇರಲಿ. ದನ ನುಗ್ಗಿದರೆ ಅಟ್ಟಿದರಾಯಿತು, ಆ ನೆಪದಲ್ಲಾದರೂ ದನದ ಯಜಮಾನರ ಪರಿಚಯವಾಗುತ್ತದೆ.

ಒಂದು ಸಂಗತಿಯನ್ನು ನಿಮ್ಮ ಪತ್ರ ಹೇಳುವುದೇ ಇಲ್ಲ: ಮರಳಿ ಬರುವ ಬಯಕೆ ಪತ್ನಿಯವರದೂ ಆಗಿತ್ತೇ? ಮೂಡಿಗೆರೆ ನಿಮ್ಮ ಊರು. ಅವರಿಗೆ ಅದು ಗಂಡನ ಊರು ಮಾತ್ರ ಆಗಿರಬಹುದು. ಇಂದೇ ಕೇಳಿ ನೋಡಿ, ಮುಂದಿನ ಪತ್ರವನ್ನು ಅವರೇ ಬರೆಯಲಿ.