ಹೊಸ ಮನೆ ಕೊಡುತ್ತೇವೆ ಅಂದರೂ ಬಿಗ್ ಮೌಂಟನ್ ಅಜ್ಜಿಯರು ಯಾಕೆ ಜಾಗ ಬಿಡಲಿಲ್ಲ?

ನಿಮ್ಮ ಪ್ರಶ್ನೆ ಇದು: ಅರಿಜೋನಾದ ಬಿಗ್ ಮೌಂಟನ್ ಕಡೆ ನವಾಹೊ ಮತ್ತು ಹೋಪಿ ಅನ್ನುವ ಎರಡು ಮೂಲನಿವಾಸಿ ಬುಡಕಟ್ಟುಗಳ ನಡುವೆ ಜಮೀನಿನ ಜಗಳವಿತ್ತು, ಸರ್ಕಾರ ಪಾಲು ಮಾಡಿ ಹೊಸ ಮನೆ ಕೊಟ್ಟಿತು, ಆದರೂ ಅಷ್ಟು ವಿರೋಧ ಯಾಕೆ? ಈಗ ಅಲ್ಲಿ ಯಾರಾದರೂ ಉಳಿದಿದ್ದಾರಾ?

ನಾನಿರುವುದು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಮೊದಲ ಸಲ ಕೈಯೆಂಟಾ ಕಡೆ ಕಾರಲ್ಲಿ ಹೋದಾಗ ಹೆದ್ದಾರಿ ಪಕ್ಕದಲ್ಲೇ ಎತ್ತರದ ಕಲ್ಲಿದ್ದಲು ಕಣಜಗಳನ್ನು ನೋಡಿದೆ. ಏನದು ಅಂತ ಆಗ ಗೊತ್ತಿರಲಿಲ್ಲ. ಆಮೇಲೆ ಓದಿದೆ. ಬ್ಲ್ಯಾಕ್ ಮೆಸಾ ಅನ್ನುವ ಪ್ರಸ್ಥಭೂಮಿಯ ಆ ಕಲ್ಲಿದ್ದಲು ರೈಲಿನಲ್ಲಿ ಪೇಜ್ ಊರಿನ ವಿದ್ಯುತ್ ಸ್ಥಾವರಕ್ಕೆ ಹೋಗುತ್ತಿತ್ತು. ಕೊಲೊರಾಡೋ ನದಿಯ ನೀರನ್ನು ಫೀನಿಕ್ಸ್, ಟೂಸಾನ್ ಕಡೆಗೆ ಎತ್ತುತ್ತಿದ್ದ ಪಂಪುಗಳಿಗೆ ಮುಖ್ಯವಾಗಿ ಅಲ್ಲಿಂದಲೇ ಕರೆಂಟು. ಅಂದರೆ ನಮ್ಮ ನಲ್ಲಿಯ ನೀರಿಗೂ ಈ ಕಥೆಗೂ ಸಂಬಂಧವಿದೆ. ಅವತ್ತಿನಿಂದ ಇದು ಯಾರದೋ ಹಳೆಯ ಜಗಳ ಅಂತ ನನಗೆ ಅನ್ನಿಸಿಲ್ಲ.

ಹೋಪಿಗಳ ಹಕ್ಕು ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒರೈಬಿಯಂಥ ಅವರ ಹಳ್ಳಿಗಳು ನೂರಾರು ವರ್ಷ ಹಳೆಯವು. ಸುತ್ತಲೂ ಕುರಿ ಮೇಯಿಸುವ ನವಾಹೊ ಕುಟುಂಬಗಳು ಜಾಸ್ತಿಯಾದಾಗ ಅವರಿಗೆ ಜಾಗ ಇಕ್ಕಟ್ಟಾದದ್ದು ನಿಜ. ಆದರೆ ಗೊಂದಲ ಹುಟ್ಟಿದ್ದು ಸರ್ಕಾರದ ಕಾಗದದಲ್ಲಿ. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಸುಮಾರು 25 ಲಕ್ಷ ಎಕರೆಯನ್ನು ಹೋಪಿಗಳಿಗೂ, ಸರ್ಕಾರ ನೆಲೆ ಮಾಡಿಕೊಡಬಹುದಾದ 'ಇತರ ಇಂಡಿಯನ್ನರಿಗೂ' (ಅಂದರೆ ಅಮೆರಿಕದ ಬೇರೆ ಮೂಲನಿವಾಸಿಗಳಿಗೂ) ಅಂತ ಬರೆದುಕೊಟ್ಟ. 1962ರಲ್ಲಿ ಕೋರ್ಟು ಅದರ ಬಹುಪಾಲು ಇಬ್ಬರಿಗೂ ಸಮಾನ ಅಂದಿತು. 1966ರಲ್ಲಿ ಆ ಜಂಟಿ ಜಾಗದಲ್ಲೇ ಪೀಬಡಿ ಕಂಪನಿಗೆ ಕಲ್ಲಿದ್ದಲು ಗುತ್ತಿಗೆ ಸಿಕ್ಕಿತು. ಹೋಪಿಗಳ ಆಡಳಿತ ಮಂಡಳಿಯಾದ ಕೌನ್ಸಿಲ್‌ನ ವಕೀಲ ಜಾನ್ ಬಾಯ್ಡನ್ ಅದೇ ಹೊತ್ತಿನಲ್ಲಿ ಪೀಬಡಿಗೂ ಕೆಲಸ ಮಾಡುತ್ತಿದ್ದ ಅನ್ನುವುದು ಎಷ್ಟೋ ವರ್ಷದ ಮೇಲೆ ದಾಖಲೆಗಳಿಂದ ಹೊರಬಿತ್ತು. ಕಲ್ಲಿದ್ದಲೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಬಿಟ್ಟು ಈ ಕಥೆ ಹೇಳಿದರೆ ಅರ್ಧ ಮುಚ್ಚಿಟ್ಟ ಹಾಗೆ.

1974ರ ಕಾನೂನು ಜಾಗವನ್ನು ಎರಡು ಪಾಲು ಮಾಡಿತು. ಗೆರೆಯ ಆಚೆ ಸಿಕ್ಕಿಕೊಂಡ ಹೋಪಿಗಳು ಸುಮಾರು 100. ನವಾಹೊಗಳು 10,000ಕ್ಕೂ ಜಾಸ್ತಿ. ಹೀಗೆ ಸಿಕ್ಕಿಕೊಂಡವರು ಜಾಗ ಬಿಡಬೇಕು ಅಂತಾಯಿತು. ನವಾಹೊಗಳ ಕುರಿಗಳನ್ನು ಕಡಿಮೆ ಮಾಡಿಸಿದರು. ಹೊಸ ಮನೆ ಕಟ್ಟುವ ಹಾಗಿರಲಿಲ್ಲ. ಮಗಳಿಗೆ ಮದುವೆಯಾದರೆ ಪಕ್ಕದಲ್ಲಿ ಒಂದು ಹೋಗನ್ ಎಬ್ಬಿಸುವ ಹಾಗೂ ಇರಲಿಲ್ಲ. (ಹೋಗನ್ ಅಂದರೆ ಮರ, ಮಣ್ಣಿನ ದುಂಡನೆಯ ಮನೆ. ಬಾಗಿಲು ಪೂರ್ವಕ್ಕೆ.)

ಎದ್ದು ನಿಂತವರು ಹೋಪಿಗಳ ಪಾಲಿಗೆ ಹೋದ ಬಿಗ್ ಮೌಂಟನ್ ಕಡೆಯ ವಯಸ್ಸಾದ ನವಾಹೊ ಹೆಂಗಸರು. ನವಾಹೊಗಳಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ, ಕುರಿಗಳೂ ಬಹಳ ಮಟ್ಟಿಗೆ ಹೆಂಗಸರ ಸ್ವತ್ತು. ಎರಡು ಪಾಲುಗಳ ನಡುವೆ ಮುಳ್ಳುತಂತಿಯ ಬೇಲಿ ಹಾಕುವವರು ಬಂದಾಗ ಪಾಲಿನ್ ವೈಟ್‌ಸಿಂಗರ್ ಅಡ್ಡ ನಿಂತರು. 1979ರಲ್ಲಿ ಕ್ಯಾಥರಿನ್ ಸ್ಮಿತ್ ಬಂದೂಕು ಹಿಡಿದು, ಬೇಲಿ ಹಾಕುವವರಿಗೆ ತಾಗದ ಹಾಗೆ ಅವರ ತಲೆಗಿಂತ ಮೇಲಕ್ಕೆ ಗುಂಡು ಹಾರಿಸಿದರು. ಅದೇ ವರ್ಷ ಹಿರಿಯರು ಸೇರಿ ಬಿಗ್ ಮೌಂಟನ್ ಸ್ವತಂತ್ರ ಅಂತ ಘೋಷಿಸಿದರು, ರಾಬರ್ಟಾ ಬ್ಲ್ಯಾಕ್‌ಗೋಟ್ ಮುಂದಾಳಾಗಿದ್ದರು. ತಾಮಸ್ ಬನ್ಯಾಕ್ಯ ಅವರಂಥ ಹೋಪಿ ಹಿರಿಯರೇ ಈ ಒಕ್ಕಲೆಬ್ಬಿಸುವಿಕೆ ಬೇಡ ಅಂದರು. ಎರಡು ಬುಡಕಟ್ಟುಗಳ ಜಗಳ ಅಷ್ಟೇ ಆಗಿದ್ದರೆ ಹೀಗಾಗುತ್ತಿತ್ತಾ?

ಮನೆಯ ವಿಷಯಕ್ಕೆ ಬರುತ್ತೇನೆ. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಕುರಿದೊಡ್ಡಿಯ ಹತ್ತಿರ ಹೂಳುವುದು ಅವರ ಪದ್ಧತಿ. ಆಮೇಲೆ ಆ ಜಾಗವೇ ಆ ಮನುಷ್ಯನದು. ಅದಕ್ಕೆ ಬದಲಾಗಿ ಪಟ್ಟಣದಲ್ಲಿ ಒಂದು ಮನೆ ಅಂದರೆ ಏನು ಹೇಳುವುದು? ಕರೆಂಟು ಬಿಲ್ಲು, ತೆರಿಗೆ ಏನೂ ಕಂಡಿರದವರು ಸಾಲ ಕೊಡುವವರ ಕೈಗೆ ಸಿಕ್ಕರು. ಎಷ್ಟೋ ಮಂದಿ ಕೊಟ್ಟ ಮನೆಯನ್ನೂ ಕಳೆದುಕೊಂಡರು. ಆಮೇಲೆ ಸ್ಯಾಂಡರ್ಸ್ ಹತ್ತಿರ ಕೊಟ್ಟ ಹೊಸ ಜಾಗ ರಿಯೊ ಪುಯೆರ್ಕೊ ದಂಡೆಯದು. 1979ರ ಜುಲೈನಲ್ಲಿ ಚರ್ಚ್ ರಾಕ್ ಯುರೇನಿಯಂ ಗಿರಣಿಯ ಕಟ್ಟೆ ಒಡೆದು ವಿಕಿರಣದ ನೀರು ಹರಿದದ್ದು ಇದೇ ಹೊಳೆಗೆ. ಇದನ್ನು ಓದಿದ ದಿನ ನನಗೆ ತುಂಬ ಸಿಟ್ಟು ಬಂತು, ಈಗಲೂ ಬರುತ್ತದೆ.

ಜಾಗ ಬಿಡಲು 1986ರ ಜುಲೈ ಕಡೆಯ ಗಡುವಾಗಿತ್ತು. ಗಡುವು ಮುಗಿದರೂ ಅಜ್ಜಿಯರು ಕದಲಲಿಲ್ಲ. ಹೊರಗಿನಿಂದ ಬಂದ ಬೆಂಬಲಿಗರು ಭಾಷಣ ಮಾಡಲಿಲ್ಲ. ಕುರಿ ಕಾದರು, ಸೌದೆ ಒಡೆದರು, ನೀರು ಹೊತ್ತರು. ನನಗೆ ಈ ಹೋರಾಟದಲ್ಲಿ ತುಂಬ ಹಿಡಿಸಿದ್ದು ಇದೇ. 1996ರಲ್ಲಿ, ಹೋಪಿಗಳ ಜಾಗದಲ್ಲೇ ಗುತ್ತಿಗೆದಾರರಾಗಿ ಉಳಿಯಬಹುದು ಅನ್ನುವ 75 ವರ್ಷದ ಗುತ್ತಿಗೆಯ ಒಪ್ಪಂದ ಬಂತು. ಕೆಲವರು ಸಹಿ ಹಾಕಿದರು. ರಾಬರ್ಟಾ ಹಾಕಲಿಲ್ಲ. 2002ರಲ್ಲಿ ತೀರಿಕೊಂಡರು.

ಹೌದು, ಈಗಲೂ ಕೆಲವು ಕುಟುಂಬಗಳು ಅಲ್ಲೇ ಇವೆ. ಪೇಜ್ ಸ್ಥಾವರ 2019ರಲ್ಲಿ ಮುಚ್ಚಿತು, ಕೈಯೆಂಟಾ ಗಣಿಯೂ ಅದೇ ವರ್ಷ ನಿಂತಿತು. ಆ ಕಡೆಯ ಎಷ್ಟೋ ಮನೆಗಳಿಗೆ ಇನ್ನೂ ನಲ್ಲಿ ಬಂದಿಲ್ಲ. ಪಿಕಪ್ ಗಾಡಿಯಲ್ಲಿ ಪೀಪಾಯಿ ಇಟ್ಟುಕೊಂಡು ದೂರದಿಂದ ನೀರು ತರುತ್ತಾರೆ.